ನಡದ ಮೇಲೆ ಬೀಳದ ಬಂಡೆ

ನನ್ನ ನಡನೋವು ಸುಳ್ಳೆಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಂಥ ಮಾತನ್ನು ಕತ್ತರಿಸಿ ಹಾಕುವುದರಲ್ಲಿ ನಾನು ಪಳಗಿದವನು. ಹೈದರಾಬಾದಿನ ಕಾಲೇಜಿನಲ್ಲಿ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ನಿಂತು ಬಹಸ್ ಮಾಡಿದ್ದೇ ಹೆಚ್ಚು. ಅಲ್ಲಿ ನಮ್ಮ ಮಾಸ್ತರರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ನೀನು ನಂಬಿದ ಪಕ್ಷವನ್ನು ನಿನಗೆ ಕೊಡುತ್ತಿರಲಿಲ್ಲ. ನಂಬದ ಪಕ್ಷವನ್ನು ಹಿಡಿದು ಗೆಲ್ಲಬೇಕಿತ್ತು. ಹೀಗಾಗಿ ದೇವರಿದ್ದಾನೆಂದು ವಾದಿಸಿ ಬೆಳ್ಳಿಯ ಬಟ್ಟಲು ಗೆದ್ದವನು ನಾನು, ಊರಿಗೆ ಬಂದು ಇಲ್ಲವೆಂದು ವಾದಿಸಿ ಅವ್ವನನ್ನು ಅಳಿಸಿದವನೂ ನಾನೇ.

ಆದರೆ ನೋವಿನ ವಿಷಯದಲ್ಲಿ ನನ್ನ ಸುತ್ತಲಿನವರೆಲ್ಲ ನನ್ನ ಮಾತನ್ನು ಪೂರ್ತಿ ನಂಬಿದರು. ಅಡಚಣೆ ಶುರುವಾದದ್ದೇ ಅಲ್ಲಿಂದ.

ಇದನ್ನು ವೈದ್ಯ ಹೇಳಿಕೊಡಲು ಬರೆಯುತ್ತಿಲ್ಲ. ಅದು ನನಗೆ ಬರುವುದಿಲ್ಲ. ಹೊರಸಿನ ಮೇಲೆ ಮಲಗಿ ಈ ಪುಟ ತಿರುವುವವರು ಯಾರಾದರೂ ಇದ್ದರೆ, ಅವರ ಎಲುಬಿನ ಫೋಟೋ ತೆಗೆಸಿ ಅದರಲ್ಲಿ ಏನೂ ಸಿಗದೆ ಹೋಗಿದ್ದರೆ, ಅವರು ನನ್ನ ಜೊತೆ ಸ್ವಲ್ಪ ಜಗಳಾಡಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಶಹಾಬಾದ. ಅಪ್ಪನದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರ; ಭಂಕೂರದ ಹಾದಿಯಲ್ಲಿ ನಮ್ಮದೊಂದು ಖಣಿ. ನಾನು ಚಿಕ್ಕವನಿದ್ದಾಗ ಅಪ್ಪನ ತಮ್ಮ, ಶರಣಪ್ಪ ಕಾಕಾ, ಆ ಖಣಿಯಲ್ಲಿ ಬಂಡೆ ಉರುಳಿ ಅದರಡಿ ಸಿಕ್ಕ. ನಡ ಮುರಿಯಿತು. ಆಮೇಲೆ ಅವನು ನಮ್ಮ ಪಡಸಾಲೆಯ ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿದ್ದು ಅಲ್ಲೇ ತೀರಿಕೊಂಡ. ನಮ್ಮ ಮನೆಯಲ್ಲಿ 'ನಡ' ಎಂಬ ಶಬ್ದವನ್ನು ಯಾರೂ ಸುಮ್ಮನೆ ಉಚ್ಚರಿಸುತ್ತಿರಲಿಲ್ಲ.

ವಕಾಲತ್ತಿನ ಪರೀಕ್ಷೆ ಮುಗಿಸಿ ನಾನು ಚಿತ್ತಾಪುರದಲ್ಲಿ ಶ್ರೀನಿವಾಸರಾಯರೆಂಬ ಹಿರಿಯ ವಕೀಲರ ಕೈಕೆಳಗೆ ಸೇರಿದೆ. ಮೊದಲ ಸಲ ನಾನೇ ಎದ್ದು ವಾದಿಸುವ ದಿನ ಬಂತು. ಎದ್ದೆ, ಗಂಟಲು ಸರಿಮಾಡಿಕೊಂಡೆ, ಮುನ್ಸಿಫರ ಕಡೆ ಕೈ ಚಾಚಿ, 'ಜನಾಬೆ ಸದರ್' ಎಂದುಬಿಟ್ಟೆ. ಸಭೆಯ ಅಧ್ಯಕ್ಷರೇ ಎಂದು! ಕಾಲೇಜಿನ ಬಹಸಿನ ಅಭ್ಯಾಸ, ನಾಲಿಗೆಯ ತುದಿಯಲ್ಲೇ ಕೂತಿತ್ತು. ಇಡೀ ಕೋರ್ಟು ನಕ್ಕಿತು. ಜವಾನ ನಕ್ಕ, ನಮ್ಮ ಕಕ್ಷಿಗಾರನೂ ನಕ್ಕ. ಮುನ್ಸಿಫರು ಮಾತ್ರ ಗಂಭೀರವಾಗಿ, 'ವಕೀಲ್‌ಸಾಬ್, ಇಲ್ಲಿ ಚಪ್ಪಾಳೆ ಹೊಡೆಯುವವರಿಲ್ಲ' ಎಂದು ಉರ್ದುವಿನಲ್ಲಿ ಹೇಳಿದರು. ಮುಂದೆ ನಾನು ಏನು ವಾದಿಸಿದೆನೋ ನನಗೆ ನೆನಪಿಲ್ಲ.

ಮುಂದಿನ ಪೇಶಿಯ, ಅಂದರೆ ವಿಚಾರಣೆಯ ದಿನ ಬೆಳಿಗ್ಗೆ ಸ್ನಾನಕ್ಕೆಂದು ಹಂಡೆಯಿಂದ ನೀರು ತೋಡಲು ಬಗ್ಗಿದೆ. ನಡದಲ್ಲಿ ಚಳಕು ಹೊಡೆಯಿತು. ಹಾಗೆಯೇ ಕೂತೆ, ಏಳಲಾಗಲಿಲ್ಲ.

ಈ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಬರೆದಿದ್ದೇನೆ, ಗಮನಿಸಿರಿ. ಆಗ ಹಾಗೆ ಇಟ್ಟು ನೋಡಲು ನಾನು ತಯಾರಿರಲಿಲ್ಲ. ಯಾರಾದರೂ ಇಟ್ಟು ತೋರಿಸಿದ್ದರೆ ಅವರನ್ನು ಬಿಡುತ್ತಿರಲಿಲ್ಲ. ಬಗ್ಗಿದೆ, ಉಳುಕಿತು, ನೀರು ತೋಡುವಾಗ ಲಕ್ಷ ಮಂದಿಗೆ ಉಳುಕುತ್ತದೆ, ಅದಕ್ಕೂ ಕೋರ್ಟಿನ ನಗೆಗೂ ಏನು ಸಂಬಂಧ?

ರೈಲಿನಲ್ಲಿ ಮಲಗಿಸಿ ಶಹಾಬಾದಕ್ಕೆ ತಂದರು. ಸ್ಟೇಶನ್ನಿನಲ್ಲಿ ಅಪ್ಪ ಖಣಿಯ ಆಳುಗಳನ್ನು ಕರೆದುಕೊಂಡು ನಿಂತಿದ್ದ. ಕೈಯಲ್ಲಿ ಅಗಲವಾದ ಹಲಗೆ, ಸೆಲ್ಲೆ, ಹಗ್ಗ. ನಾನು 'ನಡೀತೀನಿ ಅಪ್ಪಾ, ಹೆಗಲು ಕೊಟ್ರ ಸಾಕು' ಎಂದೆ. ಅಪ್ಪನ ಮುಖ ಸುಣ್ಣದ ಹಾಗಿತ್ತು.

'ಅಲುಗಬ್ಯಾಡ! ಲೇ, ಯಾರೂ ಅವನ್ನ ಅಲುಗಿಸಬ್ಯಾಡ್ರಿ!'

ಖಣಿಯವರ ನಿಯಮ ಅದು. ಬಂಡೆ ಬಿದ್ದವನನ್ನು ಎತ್ತಬಾರದು, ಬಗ್ಗಿಸಬಾರದು, ಹಲಗೆಗೆ ಕಟ್ಟಿ ಒಯ್ಯಬೇಕು. ನೆಟ್ಟಗಿನ ನಿಯಮ, ಅದರಿಂದ ಎಷ್ಟೋ ಜನ ಉಳಿದಿದ್ದಾರೆ. ಆದರೆ ನನ್ನ ಮೇಲೆ ಬಂಡೆ ಬಿದ್ದಿರಲಿಲ್ಲ, ಒಂದು ತಂಬಿಗೆ ನೀರು ಬಿದ್ದಿತ್ತು ಅಷ್ಟೇ. ಅವರಿಗೆ ಗೊತ್ತಿದ್ದದ್ದು ಒಂದೇ ಬಗೆಯ ನಡ, ಜಜ್ಜಿದ ನಡ. ನನ್ನನ್ನು ಹಲಗೆಗೆ ಬಿಗಿದು, ಸ್ಟೇಶನ್ನಿನ ಮಂದಿ ದಾರಿ ಬಿಡುತ್ತ ಕೈ ಮುಗಿಯುತ್ತಿರಲು, ಮನೆಗೆ ಒಯ್ದು ಕಾಕಾನ ಕೋಣೆಯಲ್ಲಿ ಸಪಾಟಾದ ಪರಸಿಯ ಮೇಲೆ ಮಲಗಿಸಿದರು.

ಉಳುಕು ಹೆಚ್ಚೆಂದರೆ ಹದಿನೈದು ದಿನದ್ದು. ನಾನು ಅಲ್ಲಿಂದ ಏಳುವುದರೊಳಗೆ ಹೆಚ್ಚೂಕಡಿಮೆ ಒಂದು ವರ್ಷ ಕಳೆಯಿತು.

ಎದ್ದೆ ಎಂದರೆ ಪೂರ್ತಿ ಎದ್ದೆನೆಂದಲ್ಲ. ನಿಂತರೆ ನಡದಿಂದ ತೊಡೆಯವರೆಗೆ ಕಾಯಿಸಿದ ಸರಳು ಎಳೆದ ಹಾಗೆ. ಕೂತರೆ ಸ್ವಲ್ಪ ಕಡಿಮೆ, ಮಲಗಿದರೆ ಇನ್ನೂ ಸ್ವಲ್ಪ ಕಡಿಮೆ, ಇಲ್ಲವೆಂಬುದು ಮಾತ್ರ ಯಾವಾಗಲೂ ಇಲ್ಲ. ಅಪ್ಪ ಕಲ್ಲಿನ ಮನುಷ್ಯ, ಪ್ರೀತಿಯನ್ನೂ ಕಲ್ಲಿನಲ್ಲೇ ಮಾಡಿದ. ನಾನು ಬಗ್ಗಬಾರದೆಂದು ಬಚ್ಚಲಿನಲ್ಲಿ ಎದೆಯೆತ್ತರದ ಕಟ್ಟೆ ಕಟ್ಟಿಸಿದ. ನೆಲಕ್ಕೆ ಕೂರಬಾರದೆಂದು ಊಟಕ್ಕೆ ಕಲ್ಲಿನ ಪೀಠ ಮಾಡಿಸಿದ. ಕಾಲು ಎತ್ತಿಡಬಾರದೆಂದು ಒಳಗಿನ ಹೊಸ್ತಿಲನ್ನೇ ಕೀಳಿಸಿದ. ದಿನಾ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲು. ಅವ್ವ ಖಾಲಿ ನೆಲಕ್ಕೇ ಕುಂಕುಮ ಇಟ್ಟಳು.

ಇಡೀ ಮನೆ ನನ್ನ ನೋವಿನ ಅಳತೆಗೆ ಸರಿಯಾಗಿ ನಿಂತಿತು. ನೋವಾದರೂ ಏನು ಮಾಡಬೇಕು, ತನಗಾಗಿ ಕಟ್ಟಿದ ಮನೆಯಲ್ಲಿ ಅದು ಆರಾಮಾಗಿ ಇತ್ತು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಓಣಿಯ ಹೆಂಗಸರು ದೃಷ್ಟಿ ಎಂದರು. ಮಠದ ಅಯ್ಯನವರು ಬಂದು, ನನ್ನ ಕೊರಳಿನಲ್ಲಿ ಲಿಂಗವಿಲ್ಲದ್ದನ್ನು ನೋಡಿಯೂ ನೋಡದ ಹಾಗೆ ಮಾಡಿ, 'ಮನಸ್ಸಿಗೆ ಏನೋ ಹತ್ತೇದ, ದೇಹ ಹೊತ್ಕೊಂಡದ' ಎಂದರು. ನಾನು ಮಲಗಿದಲ್ಲಿಂದಲೇ, 'ಅಯ್ಯನವರ, ಮನಸ್ಸು ಎಷ್ಟು ಮಣ ತೂಗ್ತದ್ರಿ, ದೇಹ ಹೊರ್‍ಲಿಕ್ಕೆ?' ಎಂದೆ. ಅವರು ನಕ್ಕು ಎದ್ದು ಹೋದರು. ನಾನು ಗೆದ್ದೆ ಎಂದುಕೊಂಡೆ.

ನನ್ನ ಸಿಕ್ಕು ಎಲ್ಲಿತ್ತು ನೋಡಿ. ಮನಸ್ಸಿನ ಕೈವಾಡವಿದೆ ಎಂದು ಒಪ್ಪಿದರೆ ಎರಡೇ ಅರ್ಥ ಎಂದು ನಾನು ತೀರ್ಮಾನಿಸಿದ್ದೆ: ಒಂದೋ ನಾನು ಸೋಗು ಹಾಕುತ್ತಿದ್ದೇನೆ, ಇಲ್ಲವೋ ದೃಷ್ಟಿ, ಶಾಪ, ಕರ್ಮ ಎಲ್ಲ ಖರೆ. ಮೂರನೆಯದೊಂದು ಇರಬಹುದೆಂದು ಹೊಳೆಯಲಿಲ್ಲ. ಬಹಸಿನಲ್ಲಿ ಇರುವುದು ಎರಡೇ ಪಕ್ಷ. ಆದ್ದರಿಂದ ನಾನು ಎಲುಬನ್ನು ಹಿಡಿದು ಕೂತೆ. ಎಲುಬಿನಲ್ಲಿ ಬಿರುಕಿದೆ, ಫೋಟೋ ತೆಗೆಸಿರಿ.

ಹೈದರಾಬಾದಿಗೆ ಒಯ್ದು ತೆಗೆಸಿದರು. ದವಾಖಾನೆಯ ಉದ್ದನೆಯ ಪಡಸಾಲೆಯಲ್ಲಿ ಕಾದು ಕಾದು, ಕೊನೆಗೆ ಡಾಕ್ಟರರು ಕರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲುಬು ಬಹಳ ಚೆನ್ನಾಗಿದೆ, ಎಲ್ಲೂ ಬಿರುಕಿಲ್ಲ ಎಂದರು. ಅಪ್ಪ ಅಲ್ಲೇ ಕಣ್ಣೀರು ಹಾಕಿ ಬಸವಣ್ಣನಿಗೆ ಕೈ ಮುಗಿದ. ನಾನೂ ಅತ್ತೆ. ಎಲ್ಲರೂ ಅದನ್ನು ಸಂತೋಷದ ಅಳುವೆಂದರು. ಅಲ್ಲ. ನನಗೆ ಬಿರುಕು ಬೇಕಾಗಿತ್ತು. ಒಂದು ಕೂದಲೆಳೆಯಷ್ಟು ಬಿರುಕು ಕೊಟ್ಟಿದ್ದರೆ ಆ ಡಾಕ್ಟರನ ಕಾಲು ಹಿಡಿಯುತ್ತಿದ್ದೆ. ಇದೇ ಸುದ್ದಿ ಕೇಳಿ ನಿಮ್ಮಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ನಾಚಿಕೊಳ್ಳಬೇಡಿ. ನಮಗೆ ರೋಗ ಬೇಕಾಗಿರಲಿಲ್ಲ, ಸಾಕ್ಷಿ ಬೇಕಾಗಿತ್ತು.

ಆ ಹೊತ್ತಿಗೆ ಶ್ರೀನಿವಾಸರಾಯರು ಹೇಳಿ ಕಳಿಸಿದರು: ಸುಗ್ಗಿ ಮುಗಿದ ಮೇಲೆ ದಂಡೋತಿಯ ಒಬ್ಬ ಹೆಣ್ಣುಮಗಳ ಬಾವಿ ನೀರಿನ ಪಾಲಿನ ಖಟ್ಲೆ ವಾದಕ್ಕೆ ಬರುತ್ತದೆ, ಅದರಲ್ಲಿ ನೀನು ನಿಂತು ವಾದಿಸುವುದಾದರೆ ನಿನ್ನ ಜಾಗ ನಿನ್ನದು, ಆಗದಿದ್ದರೆ ಬೇರೊಬ್ಬ ಹುಡುಗ ಕಾಯುತ್ತಿದ್ದಾನೆ. ಅಪ್ಪನ ವಿಚಾರ ಬೇರೆಯಿತ್ತು.

'ಯಾಕಪಾ ಅದೆಲ್ಲ? ಅಂಗಡಿ ಗಾದಿ ಮ್ಯಾಲ ಲೋಡಿಗೆ ಆತು ಕುಂದ್ರು. ಲೆಕ್ಕ ನೋಡ್ಕೋ. ಯಾರ್ ಮುಂದ ನಿಂದ್ರೋದು ಬ್ಯಾಡ, ಯಾರ್ ಕಡಿಂದ ನಗಿಸ್ಕೊಳ್ಳೋದು ಬ್ಯಾಡ.'

ಪ್ರೀತಿಯಿಂದಲೇ ಹೇಳಿದ. ನನಗೆ ಆ ಗಾದಿಯ ಮೇಲೆ ನಾನೇ ಕಂಡೆ: ನಲವತ್ತು ವರ್ಷದವನು, ಅರವತ್ತು ವರ್ಷದವನು, ಬೆನ್ನ ಹಿಂದೆ ಲೋಡು, ಮುಂದೆ ಅಡಕೆ ತಟ್ಟೆ, ಬಂದವರೆಲ್ಲ 'ಪಾಪ' ಎನ್ನುವುದು. ಅಂದು ಮೊದಲ ಸಲ ನನಗೆ ನೋವಿಗಿಂತ ಹೆಚ್ಚಿನ ಸಿಟ್ಟು ಬಂತು.

ಚಿಂಚೋಳಿಗೆ ಕೊಟ್ಟಿದ್ದ ನನ್ನ ಅಕ್ಕ ನಾಗಮ್ಮ ಆಗ ತವರಿಗೆ ಬಂದಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಬಾಯಲ್ಲಿ ನನಗಿಂತ ನಲವತ್ತು ವರ್ಷಕ್ಕೆ. ವಾಡಿಯಲ್ಲಿ ರೈಲ್ವೆಯವರನ್ನು ನೋಡುತ್ತಿದ್ದ ಮುದಿ ಡಾಕ್ಟರರೊಬ್ಬರು ನೋವಿಗೆ ಒಳ್ಳೆಯವರೆಂದು ಎಲ್ಲೋ ಕೇಳಿ, 'ನಡಿ, ನಾ ಕರ್ಕೊಂಡು ಹೋಗ್ತೀನಿ. ಹಲಗಿ ಬ್ಯಾಡ, ಆಳು ಬ್ಯಾಡ. ನಾವಿಬ್ಬರ' ಎಂದು ಹೊರಟಳು.

ಡಾಕ್ಟರ್‌ಸಾಹೇಬರ ಬಾಗಿಲ ಮುಂದೆ ಜನವೋ ಜನ. ಇಂಜಿನ್ ಮಸಿ ಮೆತ್ತಿಕೊಂಡವರು, ಕೂಸು ಎತ್ತಿಕೊಂಡವರು, ಕೆಮ್ಮುವವರು. ನಾನು ಬೆಂಚಿನ ತುಂಬ ಮಲಗಿದ್ದಕ್ಕೆ ಒಬ್ಬ ಮುದುಕಿ ನಿಂತೇ ಇದ್ದಳು. ಅದು ನನಗೆ ಕಂಡಿತ್ತು, ಏಳಲಿಲ್ಲ. ಒಳಗೆ ಹೋದಾಗ ಅವರು ಫೋಟೋ ನೋಡಿದರು, ಕಾಲು ಎತ್ತಿಸಿದರು, ಮೊಣಕಾಲಿಗೆ ಬಡಿದರು, ಬೆನ್ನುಗುಂಟ ಬೆರಳು ಇಳಿಸಿದರು. ನಂತರ ನಮ್ಮ ಕನ್ನಡದಲ್ಲೇ ಹೇಳಿದರು:

'ಗಾಯ ಎಂದೋ ಮಾಯ್ದದ. ಪಹರೆದವ ಮಾತ್ರ ಇನ್ನೂ ಮಲಗಿಲ್ಲ. ಇರುವಿ ಹೋದ್ರೂ ಕಳ್ಳ ಕಳ್ಳ ಅಂತ ಒದರ್ತಾನ. ಅವ ಇರೋದು ನಡದಾಗಲ್ಲ, ಇಲ್ಲಿ.' ತಮ್ಮ ತಲೆ ಮುಟ್ಟಿ ತೋರಿಸಿದರು.

'ಅಂದ್ರ ನಂಗ ನೋವಿಲ್ಲ ಅಂತೀರೇನ್ರಿ?'

'ಹಂಗ ಎಲ್ಲಿ ಅಂದೆ? ನೋವು ಪಕ್ಕಾ ಅದ. ಮುರದಿದ್ದು ಏನೂ ಇಲ್ಲ. ಎರಡೂ ಖರೆ.'

'ಸಾಹೇಬರ, ಪಹರೆದವ, ಕಳ್ಳ, ಇವೆಲ್ಲ ಉಪಮಾ ಆತು. ಉಪಮಾ ಅಂದ್ರ ಪುರಾವೆ ಅಲ್ಲ.'

ಅವರು ನನ್ನನ್ನು ಒಮ್ಮೆ ಚೆನ್ನಾಗಿ ನೋಡಿದರು. 'ವಕೀಲರೇನು? ಹೌದು, ಪುರಾವೆ ಅಲ್ಲ. ಪುರಾವೆ ನನ್ನ ಹಂತ್ಯಾಕ ಇಲ್ಲ, ನಿಮ್ಮ ಹಂತ್ಯಾಕ ಅದ. ದಿನಾ ನಡೀರಿ. ಬಗ್ಗರಿ. ನೆಲಕ್ಕ ಕುಂದ್ರಿ. ನೋಯ್ತದ, ಮುರಿಯಂಗಿಲ್ಲ. ಇನ್ನ ನಡೀರಿ, ಹೊರಗ ಮಂದಿ ಕುಂತದ.'

ಔಷಧವಿಲ್ಲ, ಪುಡಿಯಿಲ್ಲ. ನಾನು ಬುಸುಗುಟ್ಟುತ್ತ ಅಕ್ಕನ ಹೆಗಲು ಹಿಡಿದು ಸ್ಟೇಶನ್ನಿನ ಮುಸಾಫಿರಖಾನೆಗೆ ಬಂದೆ. ಶಹಾಬಾದದ ಗಾಡಿಗೆ ಇನ್ನೂ ಹೊತ್ತಿತ್ತು. ಅಕ್ಕ ಸೆರಗು ಹಾಸಿದಳು, ನಾನು ಅದರ ಮೇಲೆ ಒರಗಿದೆ.

ಪಕ್ಕದಲ್ಲಿ ಸೇಡಂ ಕಡೆಯ ಒಬ್ಬ ಕಾಳಿನ ವ್ಯಾಪಾರಿ ಗಂಟು ಮೂಟೆ ಹಾಕಿಕೊಂಡು ಕೂತಿದ್ದ. ಸುತ್ತ ನಾಲ್ಕು ಜನ. ಅವನ ಷಡ್ಡಕನಿಗೆ ಹೊಲದಲ್ಲಿ ಹಾವು ಕಚ್ಚಿ, ಆತ ಬಾಯಲ್ಲಿ ನೊರೆ ಬಂದು ಬಿದ್ದುಬಿಟ್ಟನಂತೆ. ದೂರದ ಊರಿನಲ್ಲಿರುವ ಮಂತ್ರದವರಿಗೆ ಸ್ಟೇಶನ್ನಿನಿಂದ ತಂತಿ ತಾರು ಕೊಟ್ಟರಂತೆ. ಅವರು ತಾರಿನಲ್ಲೇ ಮಂತ್ರ ಕಳಿಸಿದರಂತೆ. ತಾರು ಬಂತು ಎಂದು ಕಿವಿಯಲ್ಲಿ ಕೂಗಿದ್ದೇ ತಡ, ಷಡ್ಡಕ ಎದ್ದು ಕೂತು ನೀರು ಕೇಳಿದನಂತೆ.

'ತಾರಿನ್ಯಾಗ ಮಂತ್ರ ಹ್ಯಾಂಗ ಬರ್ತದ್ರೀ?' ನಾನು ಸುಮ್ಮನಿರಲಾರದೆ ಕೇಳಿದೆ. 'ಅದು ಕಡಾಕಡ ಅಂತದ, ಓಂ ಅಂತದೇನು?'

'ಅಂತದೋ ಬಿಡ್ತದೋ, ಮನಷ್ಯಾ ಎದ್ದು ಕುಂತ ಇಲ್ಲೋ? ಈಗೂ ಅದಾನ. ಸೇಡಂಕ ಬರ್ರಿ, ತೋರಸ್ತೀನಿ.'

'ಎದ್ದಿರಬೇಕು, ನಾ ಇಲ್ಲ ಅನ್ನಲ್ಲ. ಹಾವು ಯಾವ್ದು? ನೋಡ್ಯಾರೇನು ಯಾರರ?'

'ಕತ್ತಲದಾಗ ಯಾರು ನೋಡ್ಬೇಕ್ರಿ?'

'ಮತ್ತ! ಅದು ಕೇರಿ ಹಾವು ಇರಬೇಕು. ವಿಷ ಇಲ್ಲ, ಮಣ್ಣಿಲ್ಲ. ಅವನ್ನ ಕೆಡವಿದ್ದು ಹಾವಲ್ಲ, ಹೆದರಿಕಿ! ಹಾವು ಕಚ್ಚೇದ, ಸತ್ತೆ ಅಂತ ತಿಳದ, ಕೈಕಾಲು ಬಿದ್ದವು. ಮಂತ್ರ ಬಂತು, ಬದುಕಿದೆ ಅಂತ ತಿಳದ, ಎದ್ದ. ನೊರಿ ಖರೆ, ಬಿದ್ದಿದ್ದು ಖರೆ, ವಿಷ ಮಾತ್ರ ಸುಳ್ಳು! ಮೈಯೊಳಗ ಏನೂ ಇಲ್ದಾಗ, ಬರೀ ತಿಳುವಳಿಕಿ ಮನಷ್ಯಾನ್ನ ನೆಲಕ್ಕ ಹಾಕ್ತದ್ರಿ!'

ನನ್ನ ಬಲಗೈ ಗಾಳಿಯಲ್ಲಿತ್ತು. ವ್ಯಾಪಾರಿ ಬಾಯಿ ತೆರೆದುಕೊಂಡು ಮೇಲೆ, ನನ್ನ ಮುಖದ ಕಡೆ ನೋಡುತ್ತಿದ್ದ. ಅಕ್ಕ ಕೆಳಗಿನಿಂದ ಮೆಲ್ಲಗೆ ಕೇಳಿದಳು:

'ತಮ್ಮಾ, ಡಾಕ್ಟರ್ ಸಾಹೇಬ್ರು ಇದಕ್ಕಿಂತ ಬ್ಯಾರೆ ಏನು ಹೇಳಿದ್ರೋ?'

'ಏನು?'

'ಮತ್ತ ನೀ ನಿಂತೀದಿ. ಆವಾಗಿಂದ ನಿಂತೀದಿ. ನಿನ್ನ ನೋವು ಎಲ್ಲಿ ಹೋಗೇದ, ಟಿಕೀಟು ತರ್‍ಲಿಕ್ಕ ಹೋಗೇದೇನು?'

ಅವಳು ಹಾಗೆ ಅಂದದ್ದೇ ತಡ, ಸರಳು ಕಾಯಿಸಿ ಎಳೆದ ಹಾಗೆ ನೋವು ಬಂತು. ನಾನು ಕುಸಿದು ಕೂತೆ. ವ್ಯಾಪಾರಿಯೇ ಪಾಪ, ನೀರು ಕೊಟ್ಟ.

ಗಾಡಿಯಲ್ಲಿ ನನ್ನ ಮಾತನ್ನೇ ತಿರುವಿ ಹಾಕುತ್ತ ಮಲಗಿದೆ. ಯಾರೋ ಎದುರಾಳಿ ಹೇಳಿದ್ದರೆ ಖಂಡಿಸಬಹುದಿತ್ತು. ಈ ವಾದವನ್ನು ಮಾಡಿದವನು ನಾನೇ, ನಾಲ್ಕು ಜನರ ಎದುರು, ಕೈ ಎತ್ತಿ. ನೊರೆ ಖರೆ, ಬಿದ್ದಿದ್ದು ಖರೆ, ವಿಷ ಸುಳ್ಳು. ಸೋಗಲ್ಲ, ಶಾಪವೂ ಅಲ್ಲ. ಮೂರನೆಯ ಪಕ್ಷ ಅಲ್ಲಿ ನಿಂತಿತ್ತು.

ಇಲ್ಲಿಗೆ ಕಥೆ ಮುಗಿಯಿತು, ತಿಳಿದ ಕೂಡಲೇ ನೋವು ಹೋಯಿತು ಎಂದು ನೀವು ಅಂದುಕೊಂಡರೆ ನಿಮಗೂ ತಾರು ಕಳಿಸಬೇಕಾಗುತ್ತದೆ. ಹೋಗಲಿಲ್ಲ. ಮರುದಿನದಿಂದ ಹೆಚ್ಚಾಯಿತು. ತಿಳಿಯುವುದು ಬೇರೆ, ಮೈ ಅದನ್ನು ಒಪ್ಪುವುದು ಬೇರೆ; ನನ್ನ ಮೈ ನನಗಿಂತ ಹಟಮಾರಿ ವಾದಿ. ಆದರೆ ವಾದಿಯ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದು ನನಗೆ ಗೊತ್ತಿತ್ತು. ನಂಬದ ಪಕ್ಷವನ್ನು ಹಿಡಿದೆ. ಬೆಳಿಗ್ಗೆ ಮಾಳಿಗೆ ಹತ್ತಿ, 'ನನ್ನ ನಡ ಮುರಿದಿಲ್ಲ' ಎಂಬ ವಿಷಯದ ಮೇಲೆ ಗಟ್ಟಿಯಾಗಿ ಭಾಷಣ ಮಾಡುತ್ತ ಬಗ್ಗುತ್ತಿದ್ದೆ, ಏಳುತ್ತಿದ್ದೆ. ನಂಬಿಕೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಪಕ್ಷ ಬಿಡದಿದ್ದರೆ ಸಾಕಿತ್ತು. ಓಣಿಯಲ್ಲಿ ಹುಚ್ಚು ಹಿಡಿಯಿತೆಂದರು. ಅವ್ವ ಇನ್ನೊಂದು ಹರಕೆ ಹೊತ್ತಳು.

ಅಕ್ಕ ಮನೆಯಲ್ಲಿ ಒಂದು ಕಾನೂನು ಹೊರಡಿಸಿದಳು: ನೋವು ಹೇಗಿದೆ ಎಂದು ಯಾರೂ ಕೇಳಬಾರದು. ಅವ್ವನಿಗೆ ಇದು ಉಪವಾಸಕ್ಕಿಂತ ಕಠಿಣವಾಯಿತು. ಬಾಗಿಲಲ್ಲಿ ನಿಂತು, 'ಬಿಸಿಲು ಭಾಳ ಅದ ಏನಪಾ?' ಎನ್ನುವಳು. 'ಬಿಸಿಲು ಅದ, ಅವ್ವಾ' ಎಂದರೆ ಮುಖ ಸಣ್ಣದು ಮಾಡುವಳು. ಒಳಗಿನಿಂದ ಅಕ್ಕ, 'ಯವ್ವಾ, ನೀ ಬಿಸಲಿಂದು ಕೇಳ್ಲಿಕತ್ತಿಲ್ಲ!' ಎಂದು ಕೂಗುವಳು. ಆಮೇಲೆ ಅವ್ವ ಕೇಳುವುದು ಬಿಟ್ಟು ಬರೀ ನೋಡತೊಡಗಿದಳು. ಅದಕ್ಕೆ ಕಾನೂನು ಮಾಡಲು ಅಕ್ಕನಿಂದಲೂ ಆಗಲಿಲ್ಲ.

ಉಳಿದದ್ದು ಕಲ್ಲು. ಪೀಠ, ಕಟ್ಟೆ ಎಲ್ಲ ಕೆಡವಿಸಬೇಕು ಎಂದು ನಾನು ಅಪ್ಪನ ಮುಂದೆ ಹೋದೆ. ಅಪ್ಪ ಅಂಗಡಿಯಲ್ಲಿ ಒಬ್ಬನೇ ಇದ್ದ. ನಾನು ಡಾಕ್ಟರರ ಮಾತು, ಹಾವಿನ ಮಾತು, ಎಲ್ಲ ಕ್ರಮವಾಗಿ ಮಂಡಿಸಿದೆ. ಅಪ್ಪ ಕೇಳಿ, 'ಆಗಂಗಿಲ್ಲ' ಎಂದ.

'ಯಾಕ ಆಗಂಗಿಲ್ಲ? ಕಾರಣ ಕೊಡು.'

'ಎಲ್ಲಕ್ಕೂ ಕಾರಣ ಕೇಳ್ತಿ ನೀ.'

'ಹೌದು, ಕೇಳ್ತೀನಿ.'

ಅಪ್ಪ ಲೆಕ್ಕದ ಪುಸ್ತಕದ ಕಡೆ ನೋಡುತ್ತ ಹೇಳಿದ: 'ನಿಮ್ಮ ಕಾಕಾ ಬಂಡೆ ಕೆಳಗ ಸಿಕ್ಕಾಗ ಮಾತಾಡ್ಲಿಕತ್ತಿದ್ದ. ಕಾಲು ಅಲುಗಸ್ತಿದ್ದ. ನಾನು ನೋಡೀನಿ. ಅಣ್ಣಾ ಜಗ್ಗು ಅಂದ. ನಾನ ಅವನ ರಟ್ಟಿ ಹಿಡದು ಜಗ್ಗಿ ಎತ್ತಿ ಗಾಡ್ಯಾಗ ಹಾಕಿದೆ. ದವಾಖಾನಿಗಿ ಹೋಗೋದ್ರೊಳಗ ಕಾಲು ಅಲುಗೋದು ನಿಂತಿತ್ತು. ಡಾಕ್ಟರ್ ಅಂದ್ರು, ಎತ್ತಿದವರು ಯಾರು ಅಂತ.'

ಈ ಮಾತನ್ನು ಅವನು ಅವ್ವನಿಗೂ ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಸ್ಟೇಶನ್ನಿನಲ್ಲಿ ಹಲಗೆ ಹಿಡಿದು ನಿಂತಿದ್ದ ಆ ಸುಣ್ಣದ ಮುಖ ನನಗಾಗಿ ಅಲ್ಲ. ಅಲ್ಲ, ನನಗಾಗಿಯೂ ಹೌದು. ಅವನು ಇಬ್ಬರನ್ನು ಒಂದೇ ಹಲಗೆಗೆ ಕಟ್ಟಿದ್ದ. ನಾನು ಅವನ ಪಕ್ಕ, ನೆಲದ ಮೇಲೆ ಕೂತೆ. ನೋಯುತ್ತಿತ್ತು, ಆದರೂ ಕೂತೆ. ಆಮೇಲೆ, 'ಅಪ್ಪಾ, ಖಣಿಗೆ ನಡಿ, ನನ್ನ ಜೋಡಿ ಬಾ' ಎಂದೆ.

ಭಂಕೂರದ ಹಾದಿ ಗಾಡಿಯಲ್ಲಿ ಏನೂ ಅಲ್ಲ, ಕಾಲಲ್ಲಿ ನನಗೆ ಕಾಶಿಯಾತ್ರೆ. ಅಪ್ಪ ಒಂದು ಹೆಜ್ಜೆ ಹಿಂದೆ, ಎರಡೂ ಕೈ ಚಾಚಿ, ನಡೆಯಲು ಕಲಿಯುವ ಕೂಸಿನ ಹಿಂದೆ ಬರುವ ಹಾಗೆ ಬಂದ. ಖಣಿಯಲ್ಲಿ ಆಳುಗಳು ಹಾರೆ ಹಾಕಿ ಪದರು ಎಬ್ಬಿಸುತ್ತಿದ್ದರು. ಕಲ್ಲು ಬಿಡುವಾಗ ಒಂದು ಸದ್ದು ಬರುತ್ತದೆ, ಬಟ್ಟೆ ಹರಿದ ಹಾಗೆ, ಆದರೆ ನೆಲದೊಳಗಿನಿಂದ. ಆ ಸದ್ದು ಕೇಳಿದ್ದೇ ನನ್ನ ನಡ ಮುಷ್ಟಿಯಾಯಿತು. ಕಣ್ಣು ಕತ್ತಲೆ ಬಂತು. 'ಸಾವಕಾಶ್ರಿ, ಧಣಿ!' ಎಂದು ಯಾರೋ ಓಡಿ ಬಂದರು. ನಾನು ಕೈ ಅಡ್ಡ ಮಾಡಿದೆ.

ನಿಂತೆ. ಇನ್ನೊಂದು ಪದರು ಬಿಟ್ಟಿತು. ಮತ್ತೆ ಮುಷ್ಟಿ. ಆಗ ಗಮನಿಸಿದೆ: ನಾನು ಉಸಿರಾಡುತ್ತಿರಲಿಲ್ಲ. ಹಲ್ಲು ಕಚ್ಚಿ, ಹೆಗಲು ಏರಿಸಿ, ಕೊರಳು ಒಳಗೆ ಎಳೆದುಕೊಂಡು ನಿಂತಿದ್ದೆ, ತಲೆಯ ಮೇಲೆ ಏನೋ ಬೀಳಲಿರುವವನ ಹಾಗೆ. ಯಾವಾಗಿನಿಂದ ಹೀಗೆ ನಿಂತಿದ್ದೆ? ಆ ಕೋಣೆಯಲ್ಲಿ ಮಲಗಿದಾಗಲೂ ಹೀಗೆಯೇ ಮಲಗಿದ್ದೆನಲ್ಲವೆ? ನನ್ನ ನಡದ ಮೇಲೆ ಬಂಡೆ ಬಿದ್ದಿರಲಿಲ್ಲ. ಬೀಳುತ್ತದೆಂದು ಅದು ವರ್ಷದಿಂದ ಕಾಯುತ್ತಿತ್ತು.

ಉಸಿರು ಬಿಟ್ಟೆ. ಪವಾಡವೇನೂ ಆಗಲಿಲ್ಲ. ಬೆರಳೊಂದು ಸಡಿಲವಾಯಿತು, ಮುಷ್ಟಿ ಹಾಗೆಯೇ ಇತ್ತು. ಪಕ್ಕಕ್ಕೆ ನೋಡಿದರೆ ಅಪ್ಪನೂ ಅದೇ ರೀತಿ ನಿಂತಿದ್ದ, ಹೆಗಲು ಏರಿಸಿ, ಕೊರಳು ಎಳೆದು. ಅವನು ಎಷ್ಟು ವರ್ಷದಿಂದ ಹಾಗೆ ನಿಂತಿದ್ದನೋ. 'ಉಸಿರು ಬಿಡು ಅಪ್ಪಾ' ಎಂದೆ. 'ಏನು?' ಎಂದ. 'ಏನಿಲ್ಲ, ಉಸಿರು ಬಿಡು.' ಅವನು ಬಿಟ್ಟ, ನಗು ಬಂತೋ ಅಳು ಬಂತೋ, ಮುಖ ತಿರುಗಿಸಿದ. ಮನೆಗೆ ಬಂದ ಮೇಲೆ ತಾನೇ ಸುತ್ತಿಗೆ ತೆಗೆದುಕೊಂಡು ಪೀಠ ಒಡೆದ. ಹೊಸ್ತಿಲು ಹೊಸದು ಬಂತು, ಮೊದಲಿನದಕ್ಕಿಂತ ಎತ್ತರದ್ದು. ಅವ್ವ ಪೂಜೆ ಮಾಡಿದಳು. ನಾನು ದಾಟುವುದನ್ನು ನೋಡುತ್ತ ನಿಂತಳು.

ಈಗ ನೋವು ಹೋಗಿದೆಯೇ ಎಂದು ಕೇಳುವಿರಿ. ಇಲ್ಲ. ಕೆಲವು ವಾರ ಇರುವುದಿಲ್ಲ, ಕೆಲವು ದಿನ ಎಲ್ಲವೂ ಮೊದಲಿನ ಹಾಗೆ. ಪೇಶಿಯ ಹಿಂದಿನ ದಿನ ಬರುತ್ತದೆ, ಅಕ್ಕನ ಕೂಸಿಗೆ ಜ್ವರವೆಂದು ಚಿಂಚೋಳಿಯಿಂದ ಸುದ್ದಿ ಬಂದಾಗ ಬಂತು, ಅಪ್ಪ ನನ್ನ ಜೊತೆ ಎರಡು ದಿನ ಮಾತು ಬಿಟ್ಟಾಗ ಬಂತು. ಸಂತೋಷವಾಗಿದ್ದಾಗಲೂ ಒಂದೊಂದು ಸಲ ಬಂದು ನನ್ನ ಸಿದ್ಧಾಂತವನ್ನು ಹಾಳು ಮಾಡುತ್ತದೆ. ಎಲ್ಲ ನೋವೂ ನನ್ನದರ ಹಾಗೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಎಲುಬನ್ನು ತಿಳಿದವರ ಕಡೆ ಮೊದಲು ತೋರಿಸಿರಿ. ಆದರೆ ಎಲುಬು ಚೆನ್ನಾಗಿದೆ ಎಂದು ಅವರು ಅಂದರೆ, ನೀವು ಸುಳ್ಳುಗಾರರೆಂದು ಅದರ ಅರ್ಥವಲ್ಲ. ಅಷ್ಟನ್ನು ಯಾರ ಎದುರಿಗೂ ನಿಂತು ವಾದಿಸಲು ನಾನು ತಯಾರಿದ್ದೇನೆ.

ಚಿತ್ತಾಪುರದಲ್ಲಿ ಆ ಬಾವಿಯ ಖಟ್ಲೆ ವಾದಕ್ಕೆ ಬಂದ ದಿನದ್ದೊಂದು ಹೇಳಬೇಕು. ದಂಡೋತಿಯ ಹೆಣ್ಣುಮಗಳು ಕೋರ್ಟಿನ ಜಗುಲಿಯ ಮೇಲೆ ಕೂತಿದ್ದಳು. ಗಂಡ ಸತ್ತ ಮೇಲೆ ಮೈದುನರು ಅವಳ ಬಾವಿಯ ಸರದಿ ತಪ್ಪಿಸಿದ್ದರು, ಎರಡು ಬೆಳೆ ಒಣಗಿದ್ದವು. ನನ್ನನ್ನು ನೋಡಿ, 'ನೀವೇನ್ರಿ ಯಪ್ಪಾ, ನಡ ಇಲ್ಲದ ವಕೀಲರು?' ಎಂದಳು. ಊರೆಲ್ಲ ಹಾಗೇ ಕರೆಯುತ್ತಿದ್ದರೆಂದು ಆಗ ಗೊತ್ತಾಯಿತು. 'ನಾನ' ಎಂದೆ. 'ನಿಂದ್ರಲಿಕ್ಕ ಆಗ್ತದ?' ಎಂದಳು. 'ನೋಡೋಣು' ಎಂದೆ. ಬೇರೆ ಏನು ಹೇಳಿದ್ದರೂ ಅದು ಸುಳ್ಳಾಗುತ್ತಿತ್ತು.

ಅದೇ ಮುನ್ಸಿಫರು. ಎದ್ದಾಗಲೇ ಸರಳು ಕಾದಿತ್ತು. 'ಹುಜೂರ್' ಎಂದು ಶುರು ಮಾಡಿದೆ, ಯಾರೂ ನಗಲಿಲ್ಲ. ಸರದಿಯ ಮಾತು, ಸಾಕ್ಷಿಯ ಮಾತು ಒಂದೊಂದಾಗಿ ಇಟ್ಟೆ. ಅರ್ಧಕ್ಕೆ ಬರುವಾಗ ತೊಡೆ ನಡುಗುತ್ತಿತ್ತು. ಮುನ್ಸಿಫರು ನೋಡಿದರು, ಜವಾನನಿಗೆ ಸನ್ನೆ ಮಾಡಿ ಕುರ್ಚಿ ತರಿಸಿ, 'ಬೈಠಿಯೆ, ವಕೀಲ್‌ಸಾಬ್, ಕೂತೇ ಹೇಳಿ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಶ್ರೀನಿವಾಸರಾಯರು ಪೇಟ ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದರು. ಕೂತರೆ ಯಾರೂ ಬೈಯುತ್ತಿರಲಿಲ್ಲ. 'ಶುಕ್ರಿಯಾ ಹುಜೂರ್, ಮಾತು ಮುಗಿದ ಮೇಲೆ' ಎಂದೆ. ಉಸಿರು ಬಿಟ್ಟೆ, ಮುಗಿಸಿದೆ, ಆಮೇಲೆ ಕೂತೆ. ಕೂತ ಕೂಡಲೇ ನಡದಿಂದ ಹಿಮ್ಮಡಿಯವರೆಗೆ ಬೆಂಕಿ ಇಳಿಯಿತು. ಇನ್ನು ಈ ದಿನವಿಡೀ ಏಳಲಾರೆ ಎಂದುಕೊಂಡೆ.

ಎದುರಿನ ವಕೀಲರು ಎದ್ದರು. ಸಾವಕಾಶವಾಗಿ, ಹಳಬರ ಠೀವಿಯಲ್ಲಿ ಮಾತಾಡಿದರು. ಮಾತಿನ ನಡುವೆ, ಈ ಹೆಂಗಸು ತನ್ನ ಸರದಿಯನ್ನು ತಾನೇ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದಳು, ಅದು ಸಾಕ್ಷಿಯಲ್ಲಿ ಬಂದಿದೆ ಎಂದು ಸೇರಿಸಿಬಿಟ್ಟರು. ಬಂದಿರಲಿಲ್ಲ. ಯಾವ ಸಾಕ್ಷಿಯೂ ಹಾಗೆ ಹೇಳಿರಲಿಲ್ಲ. ರಾಯರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು, ಏಳಲಿಲ್ಲ. ಮುನ್ಸಿಫರ ಲೇಖನಿ ಬರೆಯುತ್ತಿತ್ತು. ಬಾಗಿಲಲ್ಲಿ ಆ ಹೆಣ್ಣುಮಗಳು ನಿಂತಿದ್ದಳು, ಉರ್ದು ತಿಳಿಯದೆ, ಎಲ್ಲರ ಮುಖ ನೋಡುತ್ತ.

ಎಷ್ಟು ನೋಯುತ್ತದೆಂದು ನನಗೆ ಸರಿಯಾಗಿ ಗೊತ್ತಿತ್ತು. ಎರಡೂ ಕೈಯನ್ನು ಮೇಜಿಗೆ ಊರಿದೆ, ಎದ್ದೆ.

'ತಕರಾರಿದೆ, ಹುಜೂರ್' ಎಂದೆ.